ತುರಾಯಿ ಕಟ್ಟಿದವನ ಅಕ್ಕ

ಅಮದಳ್ಳಿಯ ಒಂದು ಮನೆಯ ಬೇಲಿಯವರೆಗೆ ಓಡಿಬಂದ ದೇವಿ ಬೇಲಿಬಾಗಿಲ ದಣಪೆ ದಾಟದೆ ಹೊರಗೇ ನಿಂತಳು. ಅಂಗಳದಲ್ಲಿ ಅವಳ ಊರಿನ, ಮನೆಮನೆಗೆ ಹೋಗಿ ಕುಣಿಯುವ ಸುಗ್ಗಿಯ ಮೇಳ ಸುತ್ತು ಹಾಕುತ್ತಿತ್ತು. ಕುಣಿಯುವವರ ತಲೆಯ ಮೇಲೆ ಬೆಂಡಿನ ಹೂವು, ಹಕ್ಕಿಗಳ ಎತ್ತರದ ತುರಾಯಿ. ಅವರ ನಡುವೆ ಅವಳ ತಮ್ಮ ಮಂಜು. ಅವಳ ಹಿಂದೆ, ಹೆದ್ದಾರಿಯ ಅಂಚಿನಲ್ಲಿ ಟೆಂಪೋ ಕಾಯುತ್ತಿತ್ತು. ಕಾರವಾರದ ಆಸ್ಪತ್ರೆಯಲ್ಲಿ ಬೆಳಿಗ್ಗೆ ತೀರಿಕೊಂಡ ತಾಯಿ ಅದರೊಳಗಿದ್ದಳು. ಹೊತ್ತು ಮುಳುಗುವುದರೊಳಗೆ ಅಂಕೋಲೆ ಕಡೆಯ ಊರು ಮುಟ್ಟಬೇಕೆಂದು ದೇವಿಯ ಗಂಡ ಶಿವಾನಂದನ ಮೊಬೈಲಿಗೆ ಆಗಲೇ ಎರಡು ಕರೆ ಬಂದಿದ್ದವು. ತಾಯಿಯ ಮುಖ ಕಾಣುವುದಿದ್ದರೆ ಮಂಜು ಈಗಲೇ ಹೊರಡಬೇಕು.

ಆದರೆ ತುರಾಯಿ ಕಟ್ಟಿದವನಿಗೆ ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕಿವಿಗೆ ಬೀಳದಿದ್ದರೆ ಸೂತಕವಿಲ್ಲ. ಒಬ್ಬನಿಗೆ ಸೂತಕವಾದರೂ ಇಡೀ ಮೇಳ ನಿಂತಲ್ಲಿಯೇ ತುರಾಯಿ ಇಳಿಸಬೇಕು. ಆ ವರ್ಷದ ಸುಗ್ಗಿ ಊರು ಕಾಯುವ ಕರಿದೇವರಿಗೆ ಸಲ್ಲುವುದಿಲ್ಲ. ನಾಲ್ಕು ವರ್ಷದ ಹಿಂದೆ ಹೀಗೆಯೇ ಅರ್ಧಕ್ಕೆ ಮುರಿದಿತ್ತು. ಅದೇ ಮಳೆಗಾಲದಲ್ಲಿ ಊರಿನ ಮೂರು ಮಕ್ಕಳು ಜ್ವರದಲ್ಲಿ ಹೋದವು. ಮೂರನೆಯದು ದೇವಿಯ ಮಗಳು.

ಗುಮಟೆ ಬಾರಿಸುತ್ತಿದ್ದ ಮೇಳದ ಹಿರಿಯ ಜಟ್ಟಪ್ಪ ಅವಳು ನಿಂತ ರೀತಿಯನ್ನು ಕಂಡ. ವಾದ್ಯವನ್ನು ಪಕ್ಕದವನಿಗೆ ಕೊಟ್ಟು ಬೇಲಿಯ ಬಳಿ ಬಂದ.

"ಯಾವಾಗ?"

"ಬೆಳಿಗ್ಗೆ."

"ಇನ್ನು ನಾಕೇ ಮನೆ ಮಗಾ. ನಾಳೆ ಕರಿದೇವ್ರಿಗೆ ಒಪ್ಸಿರೆ ಮುಗೀತು."

"ನಾಳೆವರಿಗೆ ಅವ್ವಿನ ಇಟ್ಕಳುಕೆ ಆಗ್ತದಾ ಅಜ್ಜಾ?"

ಜಟ್ಟಪ್ಪ ನೆಲ ನೋಡಿದ. "ನಿನ್ನ ಬಾಯಿ ನಾ ಕಟ್ಟುದಿಲ್ಲ. ಹೇಳುದಾದ್ರೆ ಹೇಳು. ಹೋದ ಸಲ ಏನಾಯ್ತು ಅಂತ ನಿನಗೆ ನಾ ಹೇಳ್ಬೇಕಾ?"

ಕುಣಿತ ನಿಂತಿತು. ಹಾಸ್ಯದ ವೇಷದ ಪುಟ್ಟು ಮರದ ಕತ್ತಿ ಎತ್ತಿ ಕೂಗಿದ: "ಮಂಜಾ, ನಿನ್ನ ಅಕ್ಕ ಬೇಲಿ ಹೊರಗೇ ನಿಂತದೆ ನೋಡೋ! ಒಳಗೆ ಬಂದ್ರೆ ಕಾಯಿ, ಅಕ್ಕಿ ಕೊಡಬೇಕಲಾ ಅಂತ ಹೆದ್ರಿಕೆ!"

ಅಂಗಳವೆಲ್ಲ ನಕ್ಕಿತು. ಮಂಜುವೂ ನಗುತ್ತಲೇ, ತಲೆ ಬಾಗದಂತೆ ನೆಟ್ಟಗೆ ನಡೆದು ಬಂದ.

"ಅಕ್ಕಾ, ಇಲ್ಲಿ ಹ್ಯಾಂಗೆ? ಭಾವ ಮತ್ತೆ ಜಗಳ ತೆಗ್ದನಾ?"

"ಇಲ್ವೋ."

"ಅವ್ವಿ ಏನಾರೂ ಉಂಡಿತಾ?"

"ಗಂಜಿ ಉಂಡಿತು."

"ಎಷ್ಟು?"

"ಅರ್ಧ ಬಟ್ಲು."

ಮಂಜುವಿನ ಮುಖ ಅರಳಿತು. ಸೊಂಟದ ಬಟ್ಟೆಯಿಂದ ಬಾಳೆಲೆಯ ಸಣ್ಣ ಪೊಟ್ಟಣ ತೆಗೆದು ಮುಂದೆ ಚಾಚಿದ. "ದೇವ್ರ ಬೆಲ್ಲ, ಕಾಯಿ. ಒಂಚೂರು ಅವ್ವಿ ಬಾಯಿಗೆ ಹಾಕು."

ದೇವಿ ಎರಡು ಹೆಜ್ಜೆ ಹಿಂದೆ ಸರಿದಳು. ಕೊಟ್ಟ ಹೆಣ್ಣಾದರೂ ಅವಳಿಗೂ ಸೂತಕ; ಮೇಳದವರನ್ನು, ಅವರ ಕೈಯಲ್ಲಿರುವುದನ್ನು ಅವಳು ಮುಟ್ಟುವಂತಿರಲಿಲ್ಲ.

"ಬೇಲಿ ಮೇಲೆ ಇಡು."

"ಯಾಕೆ, ಕೈಲೇ ತಕೊ."

"ಇಡು ಅಂದೆ ಅಲ್ದಾ!"

ಚಾಚಿದ ಕೈ ಹಾಗೆಯೇ ಉಳಿಯಿತು. ಅವನ ನೋಟ ದಣಪೆಯ ಆಚೆಗಿದ್ದ ಅವಳ ಪಾದಗಳಿಗೆ ಹೋಯಿತು. ಅಲ್ಲಿಂದ ಹೆದ್ದಾರಿಗೆ, ಟೆಂಪೋದ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತ ಶಿವಾನಂದನ ಕಡೆಗೆ. ಭಾವ ಮುಖ ತಿರುಗಿಸಿಕೊಂಡ. ಮಂಜುವಿನ ತುಟಿ ಬಿಚ್ಚಿತು. ದೇವಿಯ ತುಟಿಯೂ ಬಿಚ್ಚಿತು. ಅಂಗಳದಲ್ಲಿ ಆ ಮನೆಯ ಮಕ್ಕಳು ಪುಟ್ಟುವಿನ ವೇಷದ ಬಾಲ ಎಳೆದು ಓಡುತ್ತಿದ್ದವು.

ಮಂಜು ಪೊಟ್ಟಣವನ್ನು ಬೇಲಿಯ ಗೂಟದ ಮೇಲಿಟ್ಟ.

"ಅಕ್ಕಾ, ನೀ ನಂಗೆ ಏನೂ ಹೇಳ್ಲಿಲ್ಲ ಅಲ್ದಾ?"

"ಇಲ್ಲ."

"ಹೇಳ್ಬೇಡ."

ಜಟ್ಟಪ್ಪ ಗುಮಟೆಯನ್ನು ಮರಳಿ ಪಡೆದು ಜೋರಾಗಿ ಬಾರಿಸತೊಡಗಿದ. ಮಂಜು ಹಿಂದಿರುಗಿ ತನ್ನ ಜಾಗದಲ್ಲಿ ನಿಂತ. ಮೊದಲ ಹೆಜ್ಜೆ ತಪ್ಪಿತು, ಎರಡನೆಯದಕ್ಕೆ ಸೇರಿಕೊಂಡ.

ಟೆಂಪೋ ಆ ಮನೆಯ ಮುಂದೆಯೇ ಹಾದುಹೋಗಬೇಕಿತ್ತು. ರಸ್ತೆಯಲ್ಲಿ ಆಡೊಂದು ಅಡ್ಡ ನಿಂತಿತ್ತು. ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟಾಗ ಶಿವಾನಂದ ಅವನ ಮಣಿಕಟ್ಟು ಹಿಡಿದ. ಆಡು ತಾನಾಗಿ ಸರಿದುಹೋಗುವ ತನಕ ಕಾದು, ಬೇಲಿಯುದ್ದಕ್ಕೂ ಗಾಡಿ ನಿಧಾನವಾಗಿ ಸಾಗಿತು. ಒಳಗೆ ದೇವಿ ತಾಯಿಯ ತಲೆ ಅಲುಗದಂತೆ ಎರಡೂ ಅಂಗೈಗಳಿಂದ ಹಿಡಿದುಕೊಂಡಿದ್ದಳು.