ಜಪಾನಿನಿಂದ ಬಂದ ಪೋಸ್ಟರ್

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಸುಗ್ಗಿಯ ಗದ್ದಲ ಇನ್ನೂ ಇಳಿದಿರಲಿಲ್ಲ. ಆದರೂ ಶಾಂಭವಿ ಅವತ್ತು ಗಿರಣಿಯನ್ನು ಆಳುಗಳಿಗೆ ಒಪ್ಪಿಸಿ, ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಸಂಡೂರಿಗೆ ಹೊರಟಳು. ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ಮೊಣಕಾಲು ಹಿಡಿದುಕೊಂಡಿತು. ಕೊಳವೆಯಲ್ಲಿದ್ದದ್ದು ಜಪಾನಿನಿಂದ ತರಿಸಿದ ಹಳೆಯ ಸಿನಿಮಾ ಪೋಸ್ಟರ್. ಅವಳೂ ಅಣ್ಣ ಈಶ್ವರನೂ ಅದಕ್ಕಾಗಿ ವರ್ಷಗಟ್ಟಲೆ ಹುಡುಕಿದ್ದರು. ಕೈಸೇರುವ ಹೊತ್ತಿಗೆ ಅಣ್ಣನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು.

ಈ ಹುಚ್ಚು ಹತ್ತಿದ್ದು ಹಂಪಿಯಲ್ಲಿ. ಗಣಿ ಕಚೇರಿಯ ನೌಕರಿ ಸಿಗುವ ಮೊದಲು ಈಶ್ವರ ಅಲ್ಲಿನ ವಸತಿಗೃಹವೊಂದರಲ್ಲಿ ಕೆಲಸಕ್ಕಿದ್ದ. ಇಟಲಿಯ ಪ್ರವಾಸಿಯೊಬ್ಬ ಹೋಗುವಾಗ ಕೊಲೆ ಸಿನಿಮಾದ ಪೋಸ್ಟರೊಂದನ್ನು ಅವನ ಕೈಗಿತ್ತ. ಟೆಲಿಫೋನ್ ಹಿಡಿದ ಹೆಂಗಸು, ರಕ್ತಗೆಂಪು ತುಟಿ, ಹಿಂದೆ ಚೂರಿಯ ನೆರಳು. ಮುಂದೆ ಅದೇ ಸಿನಿಮಾದ ಪೋಲೆಂಡಿನ ಪೋಸ್ಟರ್ ಸಿಕ್ಕಿತು. ಅದರಲ್ಲಿ ಹೆಂಗಸೇ ಇಲ್ಲ, ಕತ್ತರಿಸಿದ ತಂತಿ ಮಾತ್ರ. ಮೆಕ್ಸಿಕೊದ್ದರಲ್ಲಿ ಆಕೆ ಬಾಯಿಬಿಟ್ಟು ಚೀರುತ್ತಿದ್ದಳು. ಸಿನಿಮಾ ಮಾತ್ರ ಎಲ್ಲೂ ನೋಡಲು ಸಿಗಲಿಲ್ಲ. ರಜೆ ಸಿಕ್ಕಾಗೆಲ್ಲ ಅಣ್ಣ ತಂಗಿ ಇವನ್ನು ನೆಲಕ್ಕೆ ಹಾಸಿ ಜಗಳಕ್ಕೆ ಕೂರುತ್ತಿದ್ದರು.

"ಕೊಂದಾಕಿ ಇಕೀನಲೇ! ಆ ತುಟಿ ನೋಡಿದ್ರ ಗೊತ್ತಾಗಂಗಿಲ್ಲೇನು?" ಎನ್ನುತ್ತಿದ್ದ ಈಶ್ವರ.

"ನಿನ್ನ ಇಟಲಿಯಾವ ಮಂದಿನ್ನ ಸೆಳ್ಯಾಕ ಹಂಗ ಬರ್ದಾನ. ಪಾಪ, ಇಕಿ ಫೋನಿನ್ಯಾಗ ಕೊಲಿ ಕೇಳಿಸ್ಕಂಡಾಕಿ," ಎನ್ನುತ್ತಿದ್ದಳು ಶಾಂಭವಿ.

ಸಂಡೂರಿನ ಮನೆಯಲ್ಲಿ ಅತ್ತಿಗೆ ಹೇಮಾವತಿ ಬಾಗಿಲು ತೆರೆದಳು. ಅವಳ ಕಣ್ಣ ಕೆಳಗೂ ಕಪ್ಪು ಇಳಿದಿತ್ತು.

"ಬಾರವ್ವ. ಎಷ್ಟು ಸೊರಗಿ! ನಿಮ್ಮಣ್ಣ ಯಾರು ಬಂದ್ರೂ ಗ್ವಾಡಿ ಕಡಿಗೆ ತಿರುಗಿ ಮಲಗ್ತಾರ. ಮನಸಿಗೆ ಹಚ್ಕಬ್ಯಾಡ."

ಈಶ್ವರ ಹಾಗೆಯೇ ಮಲಗಿದ್ದ. ಮಾತಾಡಿಸಲು ಶಾಂಭವಿಯಲ್ಲೂ ಕಸುವಿರಲಿಲ್ಲ. ಬೀರುವಿನಿಂದ ಹಳೆಯ ಮೂರು ಪೋಸ್ಟರ್ ತೆಗೆದಳು. ಅದಿರಿನ ಧೂಳು ಅಂಚುಗಳಿಗೆಲ್ಲ ಕೆಂಪಗೆ ಹತ್ತಿತ್ತು. ಅವನ್ನು ಮಂಚದ ಪಕ್ಕ ಹಾಸಿ, ಹೊಸದನ್ನು ಬಿಚ್ಚಿದಳು. ಕಾಗದದ ಸರಸರ ಸದ್ದಿಗೆ ಅಣ್ಣ ನಿಧಾನವಾಗಿ ಈಚೆ ತಿರುಗಿದ.

ಜಪಾನಿನವರು ಚಿತ್ರ ಬರೆದಿರಲಿಲ್ಲ, ಸಿನಿಮಾದ ಫೋಟೊವನ್ನೇ ಹಾಕಿದ್ದರು. ಮೇಜಿನ ಮುಂದೆ ಅದೇ ಹೆಂಗಸು, ಕೆಳಗಿಟ್ಟ ಫೋನು, ಕೆದರಿದ ಕೂದಲು. ಈಶ್ವರ ಆ ಮುಖವನ್ನು ನೋಡಿದ, ಇಟಲಿಯದನ್ನು ನೋಡಿದ, ಮತ್ತೆ ಇದನ್ನೇ ನೋಡುತ್ತ ಉಳಿದ. ಸರಿಯಿದ್ದ ಕೈ ಎತ್ತಿ ಪೋಸ್ಟರಿನ ಹೆಂಗಸಿನ ಕೆನ್ನೆಯತ್ತ ತೋರಿಸಿದ.

"ಕೊಂ... ಕೊಂದಿಲ್ಲ," ಎಂದ. ಉಸಿರು ಎಳೆದುಕೊಂಡು, "ಭಾಳ... ದಣದಾಳ," ಎಂದ.

ಕಾಫಿ ಲೋಟ ಹಿಡಿದು ಬಂದ ಹೇಮಾವತಿ ಬಾಗಿಲಲ್ಲೇ ನಿಂತುಬಿಟ್ಟಳು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಎರಡು ಮಾತು ಕೂಡಿಸಿ ಆಡಿದ್ದನ್ನು ಅವಳು ಕೇಳಿರಲಿಲ್ಲ. ಶಾಂಭವಿಗೆ ಗೆದ್ದೆ ಅನ್ನಿಸಲಿಲ್ಲ.

"ಹೂಂ ಅಣ್ಣ, ದಣದಾಳ," ಎಂದಷ್ಟೇ ಹೇಳಿದಳು.

ಪೋಸ್ಟರನ್ನು ಅವನ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿ, ಮಂಚದ ಪಕ್ಕದ ಚಾಪೆಯ ಮೇಲೆ ಕಾಲು ಚಾಚಿದಳು. ಗಿರಣಿಯಿಂದ ಫೋನು ಬಂದಾಗ ಹೇಮಾವತಿಯೇ ಎತ್ತಿಕೊಂಡಳು.

"ಈಗರ ಮಲಗ್ಯಾಳ," ಎಂದಳು ಮೆಲ್ಲಗೆ. "ನಾಳಿಗೆ ಬರ್ತಾಳ."