ಸುಷ್ಮಾಳ ಔಷಧ

"ಆ ಸೀಸೆ ತಂದಿಯೇನವ್ವ?"

ಆಂಧ್ರದ ಗಡಿಯೂರು ಆದೋನಿಯ ಆಸ್ಪತ್ರೆ ವರಾಂಡದಲ್ಲಿ ಮಗಳನ್ನು ಕಂಡವನೇ ಮರಿಬಸಪ್ಪ ಕೇಳಿದ. ಹೇಗೆ ಬಂದೆ, ಉಂಡೆಯಾ ಎಂಬ ಮಾತಿಲ್ಲ. ಕೊರೋನಾದ ಎರಡನೇ ಅಲೆ. ಒಳಗೆ ಹೆಂಡತಿ ಕೊಟ್ರಮ್ಮ ನಾಲ್ಕು ದಿನದಿಂದ ಆಕ್ಸಿಜನ್ ಮೇಲಿದ್ದಳು.

ಸುಷ್ಮಾ ಕಂಗಾಲಾದಳು. ಹೈದರಾಬಾದಿನ ಲ್ಯಾಬಿನಲ್ಲಿ ಅವಳು ಆ ವೈರಸ್ಸಿನ ಮೇಲೆಯೇ ಕೆಲಸ ಮಾಡುತ್ತಿದ್ದದ್ದು ನಿಜ. ಹೋದ ತಿಂಗಳು ತೆಲುಗು ಪೇಪರಿನ ಜಿಲ್ಲಾ ಪುಟದಲ್ಲಿ 'ಕೊರೋನಾಕ್ಕೆ ಕಡಿವಾಣ ಹಾಕಿದ ಆದೋನಿ ಹುಡುಗಿ' ಎಂದು ಫೋಟೋ ಬಂದಿತ್ತು. ಹತ್ತಿ ವ್ಯಾಪಾರಿ ಮರಿಬಸಪ್ಪ ಅದಕ್ಕೆ ಕಟ್ಟು ಹಾಕಿಸಿ ಜಿನ್ನಿಂಗ್ ಮಿಲ್ಲಿನ ಗೋಡೆಗೆ ತೂಗುಹಾಕಿದ್ದ. ಪೇಪರಿನವರಿಗೇನು, ಬರೆದು ಕೈತೊಳೆದುಕೊಂಡರು.

"ಅಪ್ಪಾ, ಕೇಳು. ನೀವು ಮಿಲ್ಲಿನಾಗ ಕೆಟ್ಟ ಹತ್ತಿ ಚೀಲಕ್ಕ ಬಣ್ಣದ ಗುರುತು ಹಾಕಿ ಹೊರಗ ಒಗೀತೀರಲ್ಲ? ನಮ್ಮ ಮೈಯಾಗಿನ ಜೀವಕೋಶನೂ ಬ್ಯಾಡಾದ ಪ್ರೋಟೀನಿಗೆ ಹಂಗ ಗುರುತು ಹಚ್ತೈತಿ. ವೈರಸ್ಸಿನ ಸರಕಿಗೂ ಹಚ್ತೈತಿ. ಆದ್ರ ನಮ್ಮದ ಒಂದು ಎಂಜೈಮ್ ಆ ಗುರುತು ಅಳಿಸಿ ವೈರಸ್ಸನ್ನ ಉಳಿಸಿ ಬಿಡ್ತೈತಿ. ಆ ಅಳಿಸೋ ಕೈ ನಾವು ತಡದೀವಿ."

"ಮಿಲ್ಲಿನ ಆಳು ಕಳ್ಳರ ಕೂಡ ಸೇರಿದಂಗ ಅನ್ನು." ಮರಿಬಸಪ್ಪನ ಮುಖ ಅರಳಿತು. "ತಡದೀರಿ ಅಂದ್ರ ಮದ್ದು ಐತಿ."

"ಗಾಜಿನ ತಟ್ಟ್ಯಾಗಿನ ಕೋಶಕ್ಕ ಐತಪ್ಪ. ಮನುಷ್ಯಾರಿಗೆ ಇನ್ನೂ ಕೊಟ್ಟಿಲ್ಲ. ಕೊಟ್ರ ಅವ್ವನ ಮೈಯಾಗ ಮತ್ತೇನು ಕೆಡ್ತೈತೋ ಯಾರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ಬೇಕು."

"ಆಕಿಗೆ ವರ್ಷ ಎಲ್ಲೈತವ್ವ?"

ಓದಿದ್ದೆಲ್ಲ ನೀರುಪಾಲಾದಂತೆನಿಸಿ ಸುಷ್ಮಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಪಿಪಿಇ ಕಿಟ್ ತೊಡಿಸಿ ಇಬ್ಬರನ್ನೂ ಐದು ನಿಮಿಷ ಒಳಗೆ ಬಿಟ್ಟರು. ಮಾಸ್ಕಿನ ಮೇಲಿಂದ ಕೊಟ್ರಮ್ಮ ಗಂಡನನ್ನೇ ನೋಡಿದಳು. ಆ ನೋಟ ತಾಳಲಾಗದೆ ಅವನು, ಹತ್ತಿಯ ದರದಲ್ಲಿ ಬಿಟ್ಟರೆ ಎಲ್ಲೂ ಸುಳ್ಳಾಡದವನು, ತೊಟ್ಟಿಕ್ಕುತ್ತಿದ್ದ ಸಲೈನ್ ಬಾಟಲಿಯತ್ತ ಕೈ ತೋರಿದ.

"ಮಗಳ ಔಷಧ ಬಂದೈತಿ. ಅದ ನೋಡು, ಹಾಕ್ಯಾರ. ಹೆದರಬ್ಯಾಡ."

ಕೊಟ್ರಮ್ಮನ ಕಣ್ಣು ತುಂಬಿಕೊಂಡವು. ಮಗಳ ಗ್ಲೌಸಿನ ಕೈ ಹುಡುಕಿ ಹಿಡಿದಳು. ಸುಷ್ಮಾ ಕಣ್ಣು ತಪ್ಪಿಸಿ ಸಲೈನಿನ ಹನಿ ಎಣಿಸತೊಡಗಿದಳು.

ಪಕ್ಕದ ಮಂಚದಲ್ಲಿ ನಾಗಲದಿನ್ನೆಯ ಹೊನ್ನೂರಪ್ಪ ಏದುಸಿರು ಬಿಡುತ್ತಿದ್ದ. ಅವನ ಕಾಲಬಳಿ ಕೂತಿದ್ದ, ತನಗೂ ಸೋಂಕು ತಗುಲಿ ಅದೇ ವಾರ್ಡು ಸೇರಿದ್ದ ಹೆಂಡತಿ ಪಕೀರಮ್ಮ ಈ ಮಾತು ಕೇಳಿ ಎದ್ದು ಬಂದಳು. ಸುಷ್ಮಾಳ ಮುಂದೆ ಸೆರಗೊಡ್ಡಿದಳು.

"ಅಮ್ಮಾ, ನಮ್ಮ ಮನಿಯವರಿಗೂ ಕೊಂಚೆಂ ಹಾಕ್ರಿ. ಉಳದದ್ದು ಹಾಕಿದ್ರೂ ಸಾಕು."

ಸುಷ್ಮಾ ಅಪ್ಪನತ್ತ ತಿರುಗಿದಳು. ಅವನು ಗೋಡೆ ನೋಡುತ್ತಿದ್ದ. ಕೊಟ್ರಮ್ಮ, ಇದ್ದಬದ್ದ ತ್ರಾಣವನ್ನೆಲ್ಲ ಕೂಡಿಸಿ, ಕೊಡು ಎಂಬಂತೆ ಮಗಳ ಕೈಯನ್ನು ಪಕೀರಮ್ಮನ ಸೆರಗಿನತ್ತ ಮೆಲ್ಲಗೆ ತಳ್ಳಿದಳು.