ಹೆದರಿದವರು ಎಷ್ಟು ಜನ?

"ಒಂದೇ ಬಟನ್ನಾ? ಬರೀ 'ಹೆದರಿದೆ' ಅಂತ?" ಫೋನಿನಲ್ಲಿ ಕೊಂಬು ಮೇಷ್ಟ್ರ ದನಿ ಕೀರಲಾಯಿತು. "ಚೆನ್ನಾಗಿದೆ, ಪರವಾಗಿಲ್ಲ, ಅಂಥದ್ದೇನೂ ಬೇಡ್ವೇನಮ್ಮ?"

"ಬೇಡ ಸರ್. ಭೂತದ ಕಥೆ ಓದಿ ಹೆದರಿಕೆ ಆಯ್ತಾ, ಒತ್ತಿ. ಆಗ್ಲಿಲ್ವಾ, ಮುಂದಿನ ಕಥೆಗೆ ಹೋಗಿ. ಜಾಸ್ತಿ ಜನ ಯಾವುದಕ್ಕೆ ಹೆದರ್ತಾರೋ ಅದಕ್ಕೆ ಬಹುಮಾನ."

"ಮತ್ತೆ ಭಾಷೆ? ಶೈಲಿ? ಅವೆಲ್ಲ ಎಲ್ಲಿಗೆ ಹೋಗ್ಬೇಕು?"

"ಅವು ನಿಮ್ಮ ಹತ್ರಾನೇ ಇರ್ಲಿ ಸರ್," ಎಂದು ನಕ್ಕ ಇವಳು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಎದುರಿಗಿದ್ದ ಗಿರಾಕಿಯ ಕನ್ನಡಕದ ಸ್ಕ್ರೂ ಬಿಗಿ ಮಾಡಿದಳು. ಗಿರಾಕಿ ಭೂತ ಗೀತ ಎಂಬ ಮಾತು ಕೇಳಿ ಸ್ವಲ್ಪ ಹಿಂದೆ ಸರಿದು ಕೂತ.

ಹಗಲೆಲ್ಲ ಕನ್ನಡಕದಂಗಡಿಯ ಕೆಲಸ, ಬಿಡುವಾದಾಗ ಇದು: ಅಂತರ್ಜಾಲದಲ್ಲಿ ಕಥೆಗಳ ಒಂದು ಪುಟ. ಇವಳೂ ಕೊಂಬು ಮೇಷ್ಟ್ರೂ ಸೇರಿ ನಡೆಸುವುದು. ಮೇಷ್ಟ್ರು ಮೇಷ್ಟ್ರೇನಲ್ಲ, ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವರು. ಅಕ್ಷರಕ್ಕೆ ಒಂದು ಕೊಂಬು ಬಿಟ್ಟುಹೋಗಿದ್ದರೆ ರಸ್ತೆಯ ಆ ಕಡೆಯ ಬೋರ್ಡಿನಲ್ಲಿದ್ದರೂ ಅವರಿಗೆ ಕಾಣುತ್ತದೆ, ಕಂಡಮೇಲೆ ಅನ್ನ ಸೇರುವುದಿಲ್ಲ. ಸ್ಪರ್ಧೆಯ ನಿಯಮಗಳನ್ನು ಮಾತ್ರ ಇವಳೇ ಬರೆದಳು. ಕಥೆಯ ಜೊತೆ ಬರೆದವರ ಹೆಸರು ಹಾಕಬಾರದು, ಹೆಸರೆಲ್ಲ ಮೇಷ್ಟ್ರ ಹತ್ತಿರ ಗುಟ್ಟಾಗಿರಬೇಕು. ಯಾರೂ ಯಾರಿಗೂ ವೋಟು ಕೇಳಬಾರದು, ಕೇಳಿದ್ದು ಗೊತ್ತಾದರೆ ಆ ಕಥೆಯನ್ನು ಪುಟದಿಂದಲೇ ಕಿತ್ತುಹಾಕಬೇಕು. ಬರೆಯುವಾಗ ಎಷ್ಟು ಖಡಕ್ಕಾಗಿ ಬರೆದಳು ಅಂತೀರಿ!

ಭೂತದ ಸ್ಪರ್ಧೆ ಮಾಡುವವಳು ಸ್ವತಃ ಎಷ್ಟು ಧೈರ್ಯಸ್ಥೆ ಎಂದರೆ, ಅಂಗಡಿಯ ಗೋಡೆಯ ಮೇಲೆ ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಾಳೆ. ಅದು ಅವಳ ಅಪ್ಪನಿಗೆ ಚೆನ್ನಾಗಿ ಗೊತ್ತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಇವಳ ಮನೆಯಲ್ಲೇ ಇದ್ದಾರೆ, ರಸ್ತೆ ಕಡೆಯ ಕೋಣೆಯಲ್ಲಿ. ಜೀವಮಾನವೆಲ್ಲ ಲಿಫ್ಟು ರಿಪೇರಿ ಮಾಡಿದವರು. ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು, ಮಂಚದ ಎದುರಿಗೆ ಒಂದು ಬೆತ್ತದ ಕುರ್ಚಿ.

ಸ್ಪರ್ಧೆ ಶುರುವಾಗುವ ಮುಂಚೆ ಒಂದು ಸಂಜೆ ಇವಳು ಟೀ ಹಿಡಿದುಕೊಂಡು ಆ ಕೋಣೆಗೆ ಹೋಗಿದ್ದಳು. ಅಪ್ಪ ದೀಪ ಹಾಕದೆ ಮಂಚದ ಮೇಲೆ ಕೂತು ಮಾತಾಡುತ್ತಿದ್ದರು. ಎದುರಿಗಿದ್ದದ್ದು ಖಾಲಿ ಕುರ್ಚಿ.

"ಯಾರ ಹತ್ರ ಮಾತಾಡ್ತಿದೀಯಪ್ಪ?"

"ನಿಮ್ಮಮ್ಮನ ಹತ್ರ," ಎಂದರು, ಪಕ್ಕದ ಮನೆಯವರ ಹತ್ತಿರ ಅಂದಷ್ಟೇ ಸಲೀಸಾಗಿ. "ಸಂಜೆ ಹೊತ್ತು ಬಂದು ಕೂತ್ಕೋತಾಳೆ. ಮಾತಾಡಲ್ಲ, ಸುಮ್ನೆ ಕೇಳ್ತಾಳೆ. ಬದುಕಿದ್ದಾಗ ಇದರ ಉಲ್ಟಾ ಇತ್ತು."

ಅಪ್ಪ ನಕ್ಕರು. ಇವಳಿಗೆ ನಗು ಬರಲಿಲ್ಲ. "ಅಪ್ಪಾ, ಹೀಗೆಲ್ಲ ಮಾಡ್ಬೇಡ. ನಂಗೆ ಹೆದರಿಕೆ ಆಗತ್ತೆ," ಎಂದುಬಿಟ್ಟಳು. ಅವಳಿಗೆ ಹೆದರಿಕೆಯಾಗಿದ್ದು ಅಮ್ಮನ ವಿಷಯಕ್ಕಲ್ಲ. ಅಮ್ಮನನ್ನು ಕಳಕೊಂಡಾಗಿದೆ, ಇನ್ನು ಅಪ್ಪನ ತಲೆಯೂ ಕೆಟ್ಟರೆ ನನಗೆ ಯಾರಿದ್ದಾರೆ ಅಂತ. ಅದನ್ನು ಬಿಡಿಸಿ ಹೇಳಬಹುದಿತ್ತು. ಹೇಳದೆ, ಲೈಟು ಹಾಕಿ ಅಡುಗೆಮನೆಗೆ ಹೋದಳು.

ಅಪ್ಪ ಆ ಮಾತನ್ನು ಅಲ್ಲಿಗೇ ಬಿಡುವ ಮನುಷ್ಯರಲ್ಲ. ಕೆಲಸದಲ್ಲಿದ್ದಾಗ ಅವರದೊಂದು ಪದ್ಧತಿ ಇತ್ತು. ಮೋಟಾರು ಸರಿಯಿರಲಿ, ಹಗ್ಗ ಸರಿಯಿರಲಿ, ಒಳಗೆ ನಿಂತವರು "ಯಾಕೋ ಹೆದರಿಕೆ ಆಯ್ತು" ಅಂದರೋ, ಮುಗಿಯಿತು, ಲಿಫ್ಟು ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಇನ್ನೂ ನಾಲ್ಕು ಜನರನ್ನು ಹತ್ತಿಸಿ, ಮೇಲೆ ಕೆಳಗೆ ಓಡಾಡಿಸಿ ಕೇಳುತ್ತಿದ್ದರು. ಅವರಿಗೂ ಹೆದರಿಕೆಯಾದರೆ ಲಿಫ್ಟಿಗೆ ಬೀಗ. ಆಗದಿದ್ದರೆ, ಮೊದಲು ಹೇಳಿದವರದು ಪುಕ್ಕಲು ಸ್ವಭಾವ ಅಂತ ಲೆಕ್ಕ.

ಮಗಳಂತೂ ಪುಕ್ಕಲಿ. ಇನ್ನೂ ನಾಲ್ಕು ಜನರನ್ನು ಕೇಳಿಬಿಡೋಣ ಎಂದುಕೊಂಡರು ಅಪ್ಪ. ಮನೆಯಲ್ಲೇ ಸ್ಪರ್ಧೆ ನಡೆಯುತ್ತಿದೆ, ಹೆಸರು ಗುಟ್ಟಾಗಿರುತ್ತದೆ, ಹೆದರಿದವರು ಒತ್ತುವುದಕ್ಕೆ ಬಟನ್ ಕೂಡ ಇದೆ. ಇನ್ನೇನು ಬೇಕು? ಒಂದೇ ಬೆರಳಿನಲ್ಲಿ ಫೋನಿನ ಮೇಲೆ ಕುಟ್ಟಿ ಕುಟ್ಟಿ ಕಥೆ ಬರೆದು ಕಳಿಸಿದರು. ಯಾರೂ ಒತ್ತದಿದ್ದರೆ ಹೆಂಡತಿ ದಿನಾ ಬರಲಿ. ಒತ್ತಿದರೆ, ಇನ್ನು ಬರಬೇಡ ಕಣೇ ಅಂತ ಹೇಳಿಬಿಡುವುದು. ಹೀಗೆಂದು ತಮ್ಮಲ್ಲೇ ತೀರ್ಮಾನ ಮಾಡಿಕೊಂಡರು, ಯಾರಿಗೂ ಹೇಳಲಿಲ್ಲ.

ಕಥೆಗಳು ಪುಟಕ್ಕೆ ಬಂದವು. ಹಳೇ ಆಸ್ಪತ್ರೆಯ ಮುಚ್ಚಿದ ವಾರ್ಡು, ಹಾಳುಬಾವಿಯಿಂದ ಮೇಲೇಳುವ ಕೂದಲು, ವಾಷಿಂಗ್ ಮೆಷಿನ್ನಿನೊಳಗಿಂದ ಹೊರಬರುವ ಕೈ. ವಾಷಿಂಗ್ ಮೆಷಿನ್ನಿನ ಕೈಗೆ ಜನ ಮುಗಿಬಿದ್ದು ಒತ್ತಿದರು. ಅವುಗಳ ನಡುವೆ ಒಂದು ಕಥೆ ಹೀಗೆ ಶುರುವಾಗುತ್ತಿತ್ತು: 'ನಾನು ಲಿಫ್ಟು ರಿಪೇರಿಯವನು. ನನ್ನ ಹೆಂಡತಿ ಸತ್ತಮೇಲೂ ಸಂಜೆ ಹೊತ್ತು ಮನೆಗೆ ಬರುತ್ತಾಳೆ.'

ಇವಳು ಅದನ್ನು ಓದಿದ್ದು ಅಂಗಡಿಯಲ್ಲಿ. ಮೊದಲನೇ ಸಾಲಿಗೇ ಯಾರು ಬರೆದದ್ದು ಅಂತ ಗೊತ್ತಾಯಿತು. ಕಥೆಯಲ್ಲಿ ರಕ್ತ ಇಲ್ಲ, ಕಿರುಚಾಟ ಇಲ್ಲ. ಹೆಂಡತಿ ಬಂದು ಕೂರುತ್ತಾಳೆ. ಇವನು ಅವತ್ತಿನ ಸುದ್ದಿ ಹೇಳುತ್ತಾನೆ: ಮಗಳು ಬಡಕಲಾಗಿದ್ದಾಳೆ, ಅಳಿಯ ಒಳ್ಳೆಯವನು ಆದರೆ ನಲ್ಲಿ ಸರಿಯಾಗಿ ತಿರುಗಿಸುವುದಿಲ್ಲ. ಅವಳು ಕೇಳಿಸಿಕೊಂಡು ಎದ್ದು ಹೋಗುತ್ತಾಳೆ. ಅಷ್ಟೇ ಕಥೆ. ಇವಳು ಕನ್ನಡಿಗಳ ಹಿಂದಿನ ಸ್ಟೋರ್ ರೂಮಿಗೆ ಹೋಗಿ ಚೆನ್ನಾಗಿ ಅತ್ತು, ಮುಖ ತೊಳೆದುಕೊಂಡು ಬಂದಳು.

ಆದರೆ ಆ ಕಥೆಗೆ ಒಬ್ಬರೂ ಒತ್ತಲಿಲ್ಲ. ಕೆಳಗೆ 'ಅನಿಸಿಕೆ' ಎಂಬ ಸಣ್ಣ ಅಕ್ಷರದ ಹಿಂದೆ ಜನ ಏನೇನೋ ಬರೆಯುತ್ತಿದ್ದರು ನಿಜ. ಅದನ್ನು ಒತ್ತಿದರೆ ತೆರೆದುಕೊಳ್ಳುತ್ತದೆ ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ಅವರ ಕಣ್ಣೆಲ್ಲ ಹೆದರಿದವರ ಲೆಕ್ಕದ ಮೇಲೆ. ಅಲ್ಲಿ ಸೊನ್ನೆ.

"ನಿಮ್ಮ ಸ್ಪರ್ಧೆ ಹೇಗೆ ನಡೀತಿದೆ ಪುಟ್ಟಿ?" ಎಂದರು ಊಟಕ್ಕೆ ಕೂತಾಗ, ಏನೂ ಗೊತ್ತಿಲ್ಲದವರ ಹಾಗೆ.

"ಜೋರಾಗಿದೆಯಪ್ಪ."

"ಒಂದೂ ವೋಟು ಬೀಳದೇ ಇರೋ ಕಥೇನೂ ಇರತ್ತಾ?"

"ಇರತ್ತೆ."

"ಕೊನೇವರೆಗೂ ಹಾಗೇ ಇರತ್ತಾ?"

ಕೇಳುವಾಗ ಅಪ್ಪನ ಕಣ್ಣು ಹೊಳೆಯುತ್ತಿತ್ತು. ದಿನವಿಡೀ ಜನರ ಕಣ್ಣು ನೋಡುವ ಕೆಲಸ ಇವಳದು, ಆದರೂ ಆ ಹೊಳಪು ಆಸೆಯದ್ದು ಅಂತ ತಿಳಿಯದೆ, ಪಾಪ ಅಪ್ಪ ಅಳು ನುಂಗುತ್ತಿದ್ದಾರೆ ಎಂದುಕೊಂಡಳು. ಹೆಣ್ಣುಮಗಳ ಕರುಳು, ಏನು ಮಾಡುವುದು! ಮಲಗುವ ಮುಂಚೆ ಗಂಡನ ಹತ್ತಿರ ಎಲ್ಲ ಹೇಳಿಕೊಂಡಳು.

"ಅಷ್ಟೇ ತಾನೇ?" ಎಂದ ಅವನು. "ನಮ್ಮ ಆಫೀಸಿನ ಗ್ರೂಪಿಗೆ ಹಾಕ್ತೀನಿ ಬಿಡು. ಒತ್ತಿ ಅಂದ್ರೆ ಬೆಂಕಿ ಅಲಾರಂ ಕೂಡ ಒತ್ತೋ ಜನ ಅವರು."

"ನಿಯಮ ಮುರಿದ ಹಾಗಾಗತ್ತಲ್ರೀ."

"ನಿಯಮ ಬರೆದವಳು ನೀನೇ ತಾನೇ? ನಿಮ್ಮಪ್ಪನಿಗಿಂತ ಹೆಚ್ಚಾ ಅದು?"

ಮಾರನೇ ದಿನ ಅವನು ಆಫೀಸಿನವರಿಗೆ ಕಳಿಸಿದ. ಇವಳು ಅಂಗಡಿಯವರಿಗೆ, ಚಿಕ್ಕಮ್ಮನ ಮಕ್ಕಳಿಗೆ, ಹಳೇ ಗೆಳತಿಯರಿಗೆ, ಕೊನೆಗೆ ಹಾಲಿನವನಿಗೂ ಕಳಿಸಿದಳು. 'ಓದದಿದ್ದರೂ ಪರವಾಗಿಲ್ಲ, ಹೆದರಿದೆ ಅಂತ ಒತ್ತಿಬಿಡಿ.' ಜನ ಧಾರಾಳವಾಗಿ ಹೆದರಿದರು. ನೋಡನೋಡುತ್ತಲೇ ಅಪ್ಪನ ಕಥೆ ಹಾಳುಬಾವಿಯನ್ನು ದಾಟಿ, ಆಸ್ಪತ್ರೆಯನ್ನು ದಾಟಿ, ವಾಷಿಂಗ್ ಮೆಷಿನ್ನಿನ ಹಿಂದೆಯೇ ಬಂದು ನಿಂತಿತು. ಇವಳು ಸಂತೋಷದಲ್ಲಿ ಗಿರಾಕಿಯೊಬ್ಬರಿಗೆ ಬೇರೆಯವರ ಕನ್ನಡಕ ಕೊಟ್ಟು ಬೈಸಿಕೊಂಡಳು.

ಮನೆಗೆ ಬಂದರೆ ಬೆತ್ತದ ಕುರ್ಚಿ ಬಾಲ್ಕನಿಯಲ್ಲಿತ್ತು, ಅದರ ಮೇಲೆ ಒಗೆದ ಬಟ್ಟೆಯ ಬಕೆಟ್ಟು.

"ಇದ್ಯಾಕಪ್ಪ ಹೊರಗೆ?"

"ಇರ್ಲಿ ಬಿಡು. ಕೋಣೇಲಿ ಓಡಾಡಕ್ಕೆ ಜಾಗ ಆಗತ್ತೆ."

ಅವತ್ತಿನಿಂದ ಸಂಜೆಯಾಗುವ ಮೊದಲೇ ಅಪ್ಪನ ಕೋಣೆಯಲ್ಲಿ ಲೈಟು. ಅಪ್ಪ ಮಾತ್ರ ಅಲ್ಲಿರುತ್ತಿರಲಿಲ್ಲ, ಹಾಲಿಗೆ ಬಂದು ಟೀವಿ ಮುಂದೆ ಕೂರುತ್ತಿದ್ದರು. "ನೋಡು, ಮಾವ ಸರಿಹೋದ್ರು," ಎಂದು ಗಂಡ ಪಿಸುಗುಟ್ಟಿದ. ಇವಳಿಗೂ ಮೊದಲು ಹಾಗೇ ಅನ್ನಿಸಿತು. ಆದರೆ ಅಪ್ಪ ನೋಡುತ್ತಿದ್ದದ್ದು ಟೀವಿಯನ್ನಲ್ಲ. ಜಾಹೀರಾತು ಬಂದರೂ ಅದೇ ಮುಖ, ಹಾಡು ಬಂದರೂ ಅದೇ ಮುಖ. ಟೀ ಆರಿ ಕೆನೆಗಟ್ಟುತ್ತಿತ್ತು. ಎರಡನೇ ಸಲ ಬಿಸಿ ಮಾಡಿ ತಂದಾಗಲೂ ಮುಟ್ಟಲಿಲ್ಲ.

ತಡೆಯಲಾರದೆ ಪಕ್ಕದಲ್ಲಿ ಕೂತಳು. "ಅಪ್ಪ, ಆ ಲಿಫ್ಟಿನ ಕಥೆ ನಿಂದೇ ಅಂತ ನಂಗೆ ಗೊತ್ತು. ಎಷ್ಟು ಚೆನ್ನಾಗಿ ಮೇಲೆ ಬಂದಿದೆ ನೋಡಿದ್ಯಾ? ಖುಷಿ ಆಗ್ಲಿಲ್ವಾ?"

"ಖುಷಿ ಏನು ಬಂತು ಪುಟ್ಟಿ?" ಎಂದರು ಅಪ್ಪ. "ಇಷ್ಟೊಂದು ಜನ ಹೆದರಿದಾರೆ. ನಾನು ನಿನ್ನ ಪುಕ್ಕಲಿ ಅಂದ್ಕೊಂಡಿದ್ದೆ. ನೀನು ಹೇಳಿದ್ದೇ ಸರಿ ಇತ್ತು. ಅದಕ್ಕೆ ಅವಳಿಗೆ ಹೇಳ್ಬಿಟ್ಟೆ."

"ಯಾರಿಗೆ? ಏನಂತ?"

"ಬರ್ಬೇಡ ಅಂತ. ಮಕ್ಕಳು ಹೆದರ್ತಾರೆ, ಊರೋರೆಲ್ಲ ಹೆದರ್ತಾರೆ, ಇನ್ನು ಬರ್ಬೇಡ ಕಣೇ ಅಂದೆ." ಅಪ್ಪ ಟೀವಿಯ ಕಡೆಗೇ ನೋಡುತ್ತಿದ್ದರು. "ಜೀವ ಇದ್ದಾಗ ಒಂದು ದಿನಾನೂ ಅವಳನ್ನ ಹಾಗಂದಿರ್ಲಿಲ್ಲ."

ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಗಿತ್ತು. ನಿಜ ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ, ಹೇಳದಿದ್ದರೆ ಅಪ್ಪ ಉಳಿಯುವುದಿಲ್ಲ.

"ಅಪ್ಪಾ, ಯಾರೂ ಹೆದರಿಲ್ಲ," ಎಂದಳು. "ನಾನೇ ಎಲ್ಲರ ಕೈಕಾಲು ಹಿಡಿದು ಒತ್ತಿಸಿದ್ದು. ನೀನು ಗೆಲ್ಬೇಕು ಅಂತ ಆಸೆ ಪಡ್ತಿದೀಯ ಅಂದ್ಕೊಂಡೆ. ಅವರು ಓದೇ ಇಲ್ಲಪ್ಪ. ಹಾಲಿನವನಿಗೆ ಓದಕ್ಕೆ ಪುರುಸೊತ್ತೆಲ್ಲಿದೆ?"

ಅಪ್ಪ ತಿರುಗಿ ನೋಡಿದರು. "ಮೋಸ ಮಾಡಿದ್ಯಾ?"

"ಹೂಂ."

"ಎಲ್ಲಾನೂ ಮೋಸದ ವೋಟೇನಾ? ಒಂದಾದ್ರೂ ನಿಜದ್ದು ಇಲ್ವಾ?"

"ಒಂದೂ ಇಲ್ಲ. ನಿನ್ನಾಣೆಗೂ."

ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಟೀ ಎತ್ತಿ ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟು, "ಮೊದಲು ಆ ಮೇಷ್ಟ್ರಿಗೆ ಫೋನ್ ಮಾಡಿ ನಿಜ ಹೇಳು. ಕಳ್ಳಿ!" ಎಂದರು. ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡು ಗಂಟಲು ಸರಿಮಾಡಿಕೊಂಡರು. "ನಂಗೆ ಅನುಮಾನ ಇತ್ತಮ್ಮ. ಕಥೆ ತೆಗೀಬೇಕಾಗತ್ತೆ. ನಿಯಮ ಬರೆದೋಳು ನೀನು."

"ತೆಗೀರಿ ಸರ್. ನಂದೇ ತಪ್ಪು."

"ಬೆಳಿಗ್ಗೆ ತೆಗೀತೀನಿ. ಕಥೆ ಜೊತೆ ಅನಿಸಿಕೆಗಳೂ ಹೋಗ್ತವೆ, ಅಷ್ಟರೊಳಗೆ ನಿಮ್ಮಪ್ಪನಿಗೆ ಓದಿ ಹೇಳು." ಫೋನಿಡುವ ಮುಂಚೆ ಸೇರಿಸಿದರು, "ಮತ್ತೆ, ನಾನು ಒತ್ತಲಿಲ್ಲ ಅಂತ ಹೇಳಮ್ಮ. ಅಲ್ಲಲ್ಲಿ ತಪ್ಪಿತ್ತು. ತಿದ್ದಕ್ಕೆ ಮನಸ್ಸು ಬರ್ಲಿಲ್ಲ ಅಂತ್ಲೂ ಹೇಳು."

ಇವಳು 'ಅನಿಸಿಕೆ'ಯನ್ನು ತೆರೆದು ಓದತೊಡಗಿದಳು. ಒಬ್ಬಳು ಬರೆದಿದ್ದಳು, ಕ್ಷಮಿಸಿ, ಹೆದರಿಕೆ ಆಗಲಿಲ್ಲ, ನಮ್ಮಜ್ಜಿಯೂ ಹೀಗೆ ಬಂದರೆ ಚೆನ್ನಾಗಿತ್ತು. ಇನ್ನೊಬ್ಬ, ಇದು ಭೂತದ ಕಥೆಯೇ ಅಲ್ಲ, ಸ್ಪರ್ಧೆಗೆ ಯಾಕೆ ತೆಗೆದುಕೊಂಡಿರಿ ಎಂದು ಜಗಳ ತೆಗೆದಿದ್ದ. ಯಾರೋ ಒಬ್ಬರು, ತೀರಿಹೋದ ನನ್ನ ತಮ್ಮನ ಹತ್ತಿರ ನಾನು ಸ್ಕೂಟರ್ ಓಡಿಸುವಾಗ ಮಾತಾಡುತ್ತೇನೆ, ಹೆಲ್ಮೆಟ್ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದು ಬರೆದಿದ್ದರು. ಅದನ್ನು ಅಪ್ಪ ಇನ್ನೊಂದು ಸಲ ಓದಿಸಿದರು. ಜಗಳ ತೆಗೆದವನಿಗೂ "ಸರಿಯಾಗೇ ಹೇಳಿದಾನೆ" ಎಂದು ತಲೆದೂಗಿದರು. ಗಂಡ ಎದ್ದು ಟೀವಿ ಆರಿಸಿದ. ಆಮೇಲೆ ಯಾರೂ ಹೇಳದೆಯೇ ಬಾಲ್ಕನಿಗೆ ಹೋಗಿ ಬಕೆಟ್ಟು ಇಳಿಸಿ, ಕುರ್ಚಿ ಒರೆಸಿ ಕೋಣೆಯಲ್ಲಿಟ್ಟು ಬಂದ.

ಎಲ್ಲ ಓದಿ ಮುಗಿಸಿದ ಮೇಲೂ ಅಪ್ಪ ಏಳಲಿಲ್ಲ.

"ಇವರೆಲ್ಲ ಹೊರಗಿನವರು ಪುಟ್ಟಿ. ಇರೋದು ನಿನ್ನ ಮನೇಲಿ. ನಿಂಗೆ ಹೆದರಿಕೆ ಆಗತ್ತೆ ಅಂದ್ರೆ, ಅವಳು ಬೇಡ."

"ನಂಗೆ ಹೆದರಿಕೆ ಆಗಿದ್ದು ನಿನ್ನ ಬಗ್ಗೆ ಕಣಪ್ಪ, ಅಮ್ಮನ ಬಗ್ಗೆ ಅಲ್ಲ," ಎಂದಳು. ಆ ಮಾತು ಅಂದೇ ಹೇಳಿದ್ದರೆ ಆಗಿತ್ತು. ಈಗ ಹೇಳಿದರೆ ಸಾಲದು ಎಂದು ಅವಳಿಗೇ ಅನ್ನಿಸಿತು. ಅಪ್ಪನ ಕೈ ಹಿಡಿದು ಎಬ್ಬಿಸಿಕೊಂಡು ಕೋಣೆಗೆ ಹೋದಳು. ಲೈಟು ಆರಿಸಿದಳು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು, ಬಸ್ಸುಗಳ ಸದ್ದು ಕಿಟಕಿಯಿಂದ ಬರುತ್ತಿತ್ತು. ಅಪ್ಪ ಮಂಚದ ಮೇಲೆ ಕೂತರು. ಇವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಒಮ್ಮೆ ಅನ್ನಿಸಿತು. ಆಮೇಲೆ ಸಣ್ಣ ದನಿಯಲ್ಲಿ ಶುರುಮಾಡಿದಳು.

"ಅಮ್ಮಾ, ಮೊನ್ನೆ ಅಂಗಡೀಲಿ ಏನಾಯ್ತು ಗೊತ್ತಾ? ಯಾರದೋ ಕನ್ನಡಕ ಯಾರಿಗೋ ಕೊಟ್ಬಿಟ್ಟೆ. ಆಯಮ್ಮ ಬಾಯಿಗೆ ಬಂದ ಹಾಗೆ..."

"ಏ, ಈ ಕಡೆ ಬಂದು ಹೇಳೇ," ಎಂದರು ಅಪ್ಪ. "ಅವಳಿಗೆ ಎಡಗಿವಿ ಮಂದ ಅನ್ನೋದು ಮರೆತ್ಯಾ?"

ಅವಳು ಎದ್ದು, ಕುರ್ಚಿಯನ್ನು ಬಳಸಿಕೊಂಡು ಬಂದು, ಬಲಗಡೆ ಕೂತು ಮೊದಲಿನಿಂದ ಹೇಳತೊಡಗಿದಳು.